ಮಳೆ ಯಾರ ಪಾಲು

ನಮ್ಮ ಅಪ್ಪ ಅವ್ವ ಜಗಳವಾಡುತ್ತಿದ್ದದ್ದು ಹೆಂಡಕ್ಕಲ್ಲ, ನೆಂಟರಿಷ್ಟರ ವಿಷಯಕ್ಕಲ್ಲ, ಮಳೆಗೆ. ಬಿದ್ದ ಮಳೆ ಯಾರ ಪಾಲಿನದು ಅನ್ನುವುದೇ ಅವರ ಜಗಳ. ಹೊರಗಿನವರು ಕೇಳಿದರೆ ಈ ಗಂಡ ಹೆಂಡಿರಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು, ಹಾಗಿರುತ್ತಿತ್ತು ಮಾತು. ಸಾರಿಗೆ ಉಪ್ಪು ಹೆಚ್ಚಾದರೆ ಅಲ್ಲಿಂದ ಶುರುವಾಗಿ, ನನ್ನ ತಮ್ಮ ಬಿದ್ದು ಮಂಡಿ ತರಚಿಕೊಂಡರೆ ಅಲ್ಲಿಂದ ಶುರುವಾಗಿ, ಕೊನೆಗೆ ಒಂದು ಮಧ್ಯಾಹ್ನದ ಮಳೆಗೆ ಬಂದು ನಿಲ್ಲುತ್ತಿತ್ತು. ಅವ್ವ ತೀರಿಕೊಂಡಾಗ ಅವಳಿಗಿದ್ದ ವಯಸ್ಸನ್ನು ನಾನು ದಾಟಿ ಎಷ್ಟೋ ಕಾಲವಾಯಿತು. ಮೊಮ್ಮಕ್ಕಳು ನನ್ನನ್ನು ಸಿಡುಕಿ ಅನ್ನುತ್ತವೆ. ಅನ್ನಲಿ. ಈ ಸಿಡುಕು ನನಗೆ ಹುಟ್ಟಿನಿಂದ ಬಂದದ್ದಲ್ಲ, ಇಂಥ ಕಡೆ ಇಂಥ ಹೊತ್ತಿನಲ್ಲಿ ಹತ್ತಿಕೊಂಡದ್ದು ಎಂದು ಬೆರಳಿಟ್ಟು ತೋರಿಸಬಲ್ಲೆ. ಅದಕ್ಕೆ ಮೊದಲು ನಮ್ಮ ಮನೆಯನ್ನು ತೋರಿಸಬೇಕು.

ಮನೆ ಇದ್ದದ್ದು ಹುಣಸೂರಿನಿಂದ ಹನಗೋಡಿನ ಕಡೆಗೆ ಹೋಗುವಾಗ ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿ, ಸಾಹುಕಾರರೊಬ್ಬರ ಇಟ್ಟಿಗೆ ಗೂಡಿನ ಬಯಲಿನಲ್ಲಿ. ಅದು ನಮ್ಮ ಊರಲ್ಲ. ನಾವು ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆಯವರು, ಕಾಡಂಚಿನ ಹಾಡಿಯವರು. ಮಳೆಗಾಲದಲ್ಲಿ ಅಲ್ಲಿ ಕೂಲಿ, ಕಾಡು, ಒಂದಿಷ್ಟು ರಾಗಿ. ಸುಗ್ಗಿ ಮುಗಿಯುತ್ತಿದ್ದಂತೆ ಪಾತ್ರೆ, ಕಂಬಳಿ, ಎರಡು ಕೋಳಿ ಕಟ್ಟಿಕೊಂಡು, ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸು ಬದಲಾಯಿಸಿ ಹುಣಸೂರಿಗೆ ಬರುತ್ತಿದ್ದೆವು. ಕಂಡಕ್ಟರು ಕೋಳಿಗೂ ಟಿಕೆಟ್ ಕೇಳುವುದು, ಅವ್ವ ಕೋಳಿಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಅದು ಕೂಗದಂತೆ ಕೊಕ್ಕು ಹಿಡಿದು ಕೂರುವುದು, ಇದು ವರ್ಷ ವರ್ಷದ ಆಟ. ಗೂಡಿನ ಬಯಲಿನಲ್ಲಿ ಹದಿನೆಂಟು ಗುಡಿಸಲು. ಕೆಲವರು ನಮ್ಮಂತೆ ಹಾಡಿಗಳಿಂದ ಬಂದವರು, ಉಳಿದವರು ಹುಣಸೂರು ಪಿರಿಯಾಪಟ್ಟಣದ ಹಳ್ಳಿಗಳ ನೆಲವಿಲ್ಲದ ಜನ. ಅವರ ನಡುವೆ ಇದ್ದೂ ಇದ್ದೂ ನಮ್ಮ ಮನೆಯ ಮಾತೂ ಅವರದ್ದೇ ಆಗಿಹೋಯಿತು. ವರ್ಷದ ಐದು ತಿಂಗಳು ಮಾತ್ರ ಇದ್ದ ಆ ಗುಡಿಸಲನ್ನೇ ನಾನು ಇವತ್ತಿಗೂ ಮನೆ ಎನ್ನುವುದು.

ಅದರ ಗೋಡೆಗಳಲ್ಲಿ ಒಂದೇ ಒಂದು ನೆಟ್ಟಗಿನ ಇಟ್ಟಿಗೆ ಇರಲಿಲ್ಲ. ಗೂಡಿನ ಹೊಟ್ಟೆಯಲ್ಲಿ ಉರಿ ಹೆಚ್ಚಾಗಿ ಕರಗಿ ಒಂದಕ್ಕೊಂದು ಅಂಟಿಕೊಂಡ ಕರಿ ಮುದ್ದೆಗಳು, ಅಂಚಿನಲ್ಲಿ ಉರಿ ಸಾಲದೆ ಬಿಳಿಚಿಕೊಂಡು ಉಳಿದವು, ಹೀಗೆ ಸಾಹುಕಾರರಿಗೆ ಮಾರಲಾಗದ್ದೆಲ್ಲ ನಮ್ಮ ಗೋಡೆ. ಊರಿಗೆಲ್ಲ ಇಟ್ಟಿಗೆ ಮಾಡಿಕೊಡುವವರ ಮನೆ ಸೊಟ್ಟ ಎಂದು ಅಪ್ಪ ನಗುತ್ತಿದ್ದ. ಸಂದಿಗಳಿಗೆ ಅವ್ವ ಕೆಸರು ಮೆತ್ತುತ್ತಿದ್ದಳು, ಆದರೂ ಚೇಳು ಬರುತ್ತಿದ್ದವು. ಮೇಲೆ ತೆಂಗಿನ ಸೋಗೆಯ ಸೂರು. ಒಳಗೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ತಗಡಿನ ಟ್ರಂಕು, ನಡುವೆ ನಾವು ನಾಲ್ವರು ಮಲಗುವ ಜಾಗ. ಒಲೆಯ ಪಕ್ಕದ ಮೊಳೆಯಲ್ಲಿ ಅವ್ವನ ಅಚ್ಚು ತೂಗುತ್ತಿತ್ತು. ಇಟ್ಟಿಗೆ ಕುಯ್ಯುವ ಮರದ ಅಚ್ಚು ಅದು, ಹಿಡಿದೂ ಹಿಡಿದೂ ಎರಡು ಪಕ್ಕವೂ ನುಣ್ಣಗಾಗಿತ್ತು. ಶುಕ್ರವಾರ ಅದನ್ನು ತೊಳೆದು, ಕುಂಕುಮ ಇಟ್ಟು, ಆ ಹೊತ್ತು ಮಾಡಿದ ಮುದ್ದೆಯಲ್ಲಿ ಒಂದು ಚೂರು ಮುರಿದು ಅದರ ಮುಂದೆ ಇಡುತ್ತಿದ್ದಳು. ಆ ಚೂರನ್ನು ಆಮೇಲೆ ತಮ್ಮನೋ ನಾನೋ ತಿನ್ನುತ್ತಿದ್ದೆವು.

ಅಪ್ಪ ಮಣ್ಣು ಅಗೆದು, ನೀರು ಕಟ್ಟಿ, ತುಳಿದು ಹದ ಮಾಡಿ ಕೊಡುವವನು. ಕುಯ್ಯುವವಳು ಅವ್ವ. ಅಚ್ಚಿಗೆ ಮರಳು ಉದುರಿಸಿ, ಮಣ್ಣಿನ ಮುದ್ದೆಯನ್ನು ಎತ್ತಿ ಒಗೆದು, ಮೇಲೆ ಕೈ ಸವರಿ, ನೆಲಕ್ಕೆ ಮಗುಚಿದರೆ ಒಂದು ಇಟ್ಟಿಗೆ. ಅವಳ ಸಾಲು ದಾರ ಹಿಡಿದು ಎಳೆದ ಹಾಗೆ ಇರುತ್ತಿತ್ತು. ಅರೆ ಒಣಗಿದ ಮೇಲೆ ಅವನ್ನು ಮಗ್ಗುಲಿಗೆ ನಿಲ್ಲಿಸುವುದು ನನ್ನ ಕೆಲಸ. ಆ ಬಯಲಿನಲ್ಲಿ ಒಂದು ಕಟ್ಟುಪಾಡಿತ್ತು. ಇಟ್ಟಿಗೆ ಒಣಗಿ, ಗೂಡಿನೊಳಗೆ ಹೋಗಿ ಕೂತ ಮೇಲೆಯೇ ಸಾಹುಕಾರರ ರೈಟರು ಅದನ್ನು ಎಣಿಸುವುದು. ಅಲ್ಲಿಯ ತನಕ ಬಯಲಿನಲ್ಲಿ ಬಿದ್ದಿರುವ ಹಸಿ ಇಟ್ಟಿಗೆ ಕುಯ್ದವರ ಹೊಣೆ. ನಡುವೆ ಮಳೆ ಬಂದು ಕರಗಿತೋ, ಅಷ್ಟು ದಿನದ ದುಡಿಮೆ ಕೆಸರಾಯಿತು, ಕೇಳುವ ಹಾಗಿಲ್ಲ. ಮಣ್ಣು ಸಾಹುಕಾರರದು, ಸೌದೆ ಸಾಹುಕಾರರದು, ಸುಟ್ಟ ಇಟ್ಟಿಗೆ ಸಾಹುಕಾರರದು, ಮಳೆ ಮಾತ್ರ ನಮ್ಮದು. ಇದನ್ನು ಯಾರು ಯಾವಾಗ ಮಾಡಿದ ಕಾನೂನೋ ಗೊತ್ತಿಲ್ಲ. ಸೂರ್ಯ ಮೂಡಿದಷ್ಟೇ ಸಹಜವಾಗಿ ಎಲ್ಲರೂ ಅದನ್ನು ಒಪ್ಪಿಕೊಂಡಿದ್ದರು, ನನಗೆ ಉರಿಯುವುದೇ ಅಲ್ಲಿ.

ಹಾಗಾಗಿ ಚೈತ್ರ ಕಳೆಯಿತೆಂದರೆ ಹದಿನೆಂಟು ಮನೆಯ ಕಣ್ಣೂ ಆಕಾಶದ ಮೇಲೆ. ಭರಣಿ ಮಳೆಗೆ ಧರಣಿ ಬೆಳೆ ಎಂದು ರೈತರು ಹಿಗ್ಗುವ ಹೊತ್ತಿಗೆ ನಮ್ಮ ಎದೆ ಡವಗುಟ್ಟುತ್ತಿತ್ತು. ಗುಡುಗಿದರೆ ಸಾಕು, ಅವ್ವ ಬಾಯಿಯ ತುತ್ತು ಬಿಟ್ಟು ಏಳುತ್ತಿದ್ದಳು. ಪ್ರತಿ ಮನೆಯವರೂ ತಮ್ಮ ಸ್ವಂತದ ಸೋಗೆಯ ತಟ್ಟಿಗಳನ್ನು ಸಾಲಿನ ತುದಿಯಲ್ಲಿ ಒಟ್ಟಿರುತ್ತಿದ್ದರು, ಅವನ್ನು ಎಳೆದು ಇಟ್ಟಿಗೆಯ ಮೇಲೆ ಹೊದಿಸುವುದು. ಬಾಣಂತಿಯರೂ ಓಡುತ್ತಿದ್ದರು. ಒಂದು ಸಲ ಹನಗೋಡಿನಲ್ಲಿ ನಮ್ಮ ಜೊತೆಯವರ ಮನೆಯ ಮದುವೆ. ಎಲೆ ಹಾಕಿ, ಪಾಯಸ ಬಡಿಸಿ, ಇನ್ನೇನು ಕೈ ಇಡಬೇಕು, ದೂರದಲ್ಲೆಲ್ಲೋ ಗುಡುಗಿತು. ಗೂಡಿನ ಜನ ಅಷ್ಟೂ ಒಂದೇ ಸಲ ಎಲೆ ಮುಂದಿನಿಂದ ಎದ್ದು ನಿಂತರು. ಊಟದಲ್ಲೇನೋ ಕೊರತೆಯಾಗಿ ಮುನಿಸಿಕೊಂಡರೆಂದು ಹೆಣ್ಣಿನ ಕಡೆಯವರು ಗಾಬರಿಯಾಗಿ ಕೈ ಮುಗಿದರು. ಗೂಡು ಅಲ್ಲಿಂದ ಎಷ್ಟು ದೂರ, ಓಡಿ ಹೋಗಿ ಮುಚ್ಚುವುದು ಆಗುವ ಮಾತೇ ಎಂದು ಆಮೇಲೆ ಎದ್ದವರಿಗೇ ನಗು ಬಂದು ಕೂತರು. ಅವತ್ತು ನಾನೂ ನಕ್ಕೆ. ಅದು ನಗುವ ಸಂಗತಿಯಲ್ಲ ಎಂದು ತಿಳಿಯಲು ನನಗೆ ಇನ್ನೊಂದು ವರ್ಷ ಬೇಕಾಯಿತು.

ಆ ವರ್ಷವೇ ಸಂಘ ಬಂದದ್ದು. ಮೈಸೂರಿನಿಂದ ಒಬ್ಬರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಹುಣಸೂರಿನಲ್ಲಿ ಯಾರದೋ ಸೈಕಲ್ಲು ಇಸಿದುಕೊಂಡು ಗೂಡಿಗೆ ಬರುತ್ತಿದ್ದರು. ಪುಟ್ಟಸ್ವಾಮಿ ಎಂದು ಹೆಸರು, ನಮಗೆಲ್ಲ ಲೀಡರು. ಸಣಕಲು ಮನುಷ್ಯ, ಮಾತು ಮಾತ್ರ ಗಟ್ಟಿ. ಸಭೆ ಸೇರುವುದು ನಮ್ಮ ಮನೆಯಲ್ಲಿ, ಯಾಕೆಂದರೆ ಅಪ್ಪ ಅವರಿಂದ ಸಹಿ ಹಾಕಲು ಕಲಿತು ಆ ಬಯಲಿನ ಸಂಘಕ್ಕೆ ಅಧ್ಯಕ್ಷನಾಗಿದ್ದ. ಚಿಕ್ಕಣ್ಣ ಎಂಬ ಮೂರಕ್ಷರ ಬರೆಯುವಾಗ ಅವನ ನಾಲಿಗೆ ಹೊರಗೆ ಬಂದಿರುತ್ತಿತ್ತು. ರಸೀತಿ ಪುಸ್ತಕವನ್ನು ಟ್ರಂಕಿನಲ್ಲಿ ಅವ್ವನ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟ. ಗಂಡಸರು ಒಳಗೆ ಕೂತು ಬೀಡಿ ಸೇದುತ್ತ ಮಾತಾಡುವಾಗ ಅವ್ವ ಬೆಲ್ಲದ ಕಾಫಿ ಕಾಸಿ ಕೊಟ್ಟು ಬಾಗಿಲ ಹೊರಗೆ ಕೂರುತ್ತಿದ್ದಳು. ಅವಳಿಗೆ ಸಿಟ್ಟು ಬರುತ್ತಿತ್ತು. ಕುಯ್ಯುವವಳು ನಾನು, ಸಂಘದಲ್ಲಿ ಹೆಸರು ಇವನದು ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು. ಆದರೆ ಲೀಡರು ಒಂದು ದಿನ ಕೂಲಿ ದರದ ಮಾತು ಬಿಟ್ಟು, ನಿಮಗೆಲ್ಲಕ್ಕಿಂತ ನೋವಿನ ವಿಷಯ ಯಾವುದು ಎಂದು ಕೇಳಿದಾಗ ಉತ್ತರ ಬಾಗಿಲ ಹೊರಗಿನಿಂದ ಬಂತು.

"ಮಳೆ ಕನ್ರೀ ಲೀಡ್ರೇ. ಕುಯ್ದ ದಿನ್ವೇ ಬಯಲ್ನಾಗೇ ಎಣಿಸ್ಕಳ್ಳಿ. ಎಣಿಸ್ದ ಮ್ಯಾಕೆ ಕರಗುದ್ರೆ ಅದು ಅವ್ರ ಪಾಲು. ಅಷ್ಟೇಯ."

ಲೀಡರು ಕಾಫಿಯ ಲೋಟ ಕೆಳಗಿಟ್ಟು ಬಾಗಿಲ ಕಡೆ ತಿರುಗಿ ಕೂತರು. ಅಲ್ಲಿಂದ ಮುಂದೆ ಸಂಘದ ಬೇಡಿಕೆ ಅದೊಂದೇ ಆಯಿತು. ಸಾಹುಕಾರರು ಕೇಳಿ ನಕ್ಕುಬಿಟ್ಟರು. ಮಳೆಗೆ ನಾನು ಜವಾಬ್ದಾರನಾದರೆ ನಾಳೆ ಬಿಸಿಲಿಗೂ ಆಗಬೇಕಾಗುತ್ತದೆ ಎಂದರಂತೆ. ಕೆಟ್ಟ ಮನುಷ್ಯರೇನಲ್ಲ ಅವರು, ಯಾರಿಗೂ ಒರಟಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಹಾಗೆ ನಗುತ್ತ ನಗುತ್ತ ಕೊಡದೆ ಇರುವವರ ಹತ್ತಿರ ಜಗಳ ಆಡುವುದು ಇನ್ನೂ ಕಷ್ಟ. ಆಗ ಲೀಡರು ಒಂದು ದಾರಿ ತೋರಿಸಿದರು. ಆ ವರ್ಷ ನಮ್ಮ ಕಡೆಯ ರೈತರಿಗೆಲ್ಲ ಹೊಗೆಸೊಪ್ಪಿನ ಹುಚ್ಚು, ಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಲು ಎಲ್ಲರಿಗೂ ಮಳೆಗಾಲಕ್ಕೆ ಮೊದಲೇ ಇಟ್ಟಿಗೆ ಬೇಕು. ಸಾಹುಕಾರರು ಹತ್ತಾರು ಜನಕ್ಕೆ ಮಾತು ಕೊಟ್ಟು ಕೂತಿದ್ದರು. ವರ್ಷದ ಕೊನೆಯ ಗೂಡು ಅದು. ಅದಕ್ಕೆ ಬೇಕಾದ ಇಟ್ಟಿಗೆಯೆಲ್ಲ ಬಯಲಿನಲ್ಲಿ ಒಣಗುತ್ತಿತ್ತು. ಭರಣಿ ಹುಟ್ಟುವ ಹೊತ್ತಿಗೆ ಕೈ ಬಿಟ್ಟು ಕೂತರೆ, ಮಳೆ ಬಂದು ಅದೆಲ್ಲ ಕರಗಿದರೆ, ಅವರು ಕೊಟ್ಟ ಮಾತು ಏನಾಗುತ್ತದೆ ಎಂದು ಲೀಡರು ಕೇಳಿದರು. ಆದರೆ ಕರಗುವುದು ನಮ್ಮ ಎಣಿಸದ ದುಡಿಮೆಯೂ ಹೌದು. ಅದನ್ನೂ ಅವರು ಮುಚ್ಚಿಡದೆ ಹೇಳಿದರು. ಗಂಡಸರು ತಲೆ ಕೆರೆದುಕೊಂಡು ಕೂತಾಗ ಅವ್ವ ಒಳಕ್ಕೆ ಬಂದು ಮೊಳೆಯಲ್ಲಿದ್ದ ಅಚ್ಚನ್ನು ತೆಗೆದು ಎಲ್ಲರ ನಡುವೆ ಇಟ್ಟಳು.

"ಓಗ್ಲಿ. ನಮ್ದೂ ಓಗ್ಲಿ, ಅವ್ರದೂ ಓಗ್ಲಿ. ವರ್ಸ ವರ್ಸ ನಮ್ದೊಂದೇ ಓಗೋದ್ಕಿಂತ ಒಂದ್ಸಲ ಇಬ್ರುದೂ ಓಗ್ಲಿ."

ಸಂಜೆಯ ಹೊತ್ತಿಗೆ ಹದಿನೆಂಟು ಮನೆಯ ಅಚ್ಚೂ ನಮ್ಮ ಮನೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ತಂದಿಟ್ಟವರೆಲ್ಲ ಅದರ ಮೇಲೆ ಕೈಯಿಟ್ಟು, ಎಣಿಸುವ ತನಕ ಮುಟ್ಟುವುದಿಲ್ಲ ಎಂದು ಹೇಳಿ ಹೋದರು. ಲೀಡರು ಬುದ್ಧಿವಂತರು, ಜನದ ಕೈ ಸುಮ್ಮನಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಎಲ್ಲರ ಸೋಗೆ ತಟ್ಟಿಗಳನ್ನೂ ಎರಡು ಗಾಡಿಯಲ್ಲಿ ಹೇರಿಸಿ ಹೊಳೆ ದಾಟಿಸಿ, ಆಚೆ ದಡದ ಒಬ್ಬ ರೈತರ ಕೊಟ್ಟಿಗೆಗೆ ಸಾಗಿಸಿದರು. ಮುಚ್ಚೋಣವೆಂದರೂ ಬಯಲಿನಲ್ಲಿ ಒಂದು ಗರಿ ಇಲ್ಲ. ಸ್ಟ್ರೈಕು ಶುರುವಾಯಿತು. ಮೊದಲ ಮೂರು ದಿನ ಆಕಾಶ ಒರೆಸಿಟ್ಟ ತಟ್ಟೆಯಂತಿತ್ತು. ಕೆಲಸವಿಲ್ಲದೆ ಹಗಲಿನಲ್ಲಿ ಅಪ್ಪ ಅವ್ವ ಮನೆಯಲ್ಲಿ ಕೂತಿದ್ದನ್ನು ನಾನು ನೋಡಿದ್ದೇ ಆಗ. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿ ಹೇನು ನೋಡಿದಳು. ಅಪ್ಪ ತಮ್ಮನಿಗೆ ಬಿದಿರಿನ ಪೀಪಿ ಮಾಡಿಕೊಟ್ಟ. ಉಪ್ಪೆಸರು ಮುದ್ದೆಯನ್ನು ಅವಸರವಿಲ್ಲದೆ ಉಂಡೆವು. ನಾಲ್ಕನೆಯ ದಿನ ಬೆಳಗ್ಗೆ ರೈಟರು ಬಂದು ಬಾಗಿಲಲ್ಲಿ ನಿಂತ.

"ಚಿಕ್ಕಣ್ಣ, ಸಾವ್ಕಾರ್ರು ಮಾತಾಡ್ತಾರಂತೆ. ಸಾಯಂಕಾಲ ನಾಲ್ಕು ಗಂಟೆಗೆ ನಿಮ್ಮ ಲೀಡರ್‌ನ ಬರೋಕೆ ಹೇಳು. ಬಯಲಲ್ಲೇ ಎಣಿಸೋಕೆ ಒಪ್ಪೋ ಹಂಗೆ ಕಾಣ್ತಾರೆ."

ಅಪ್ಪ ಹುಣಸೂರಿಗೆ ಓಡಿ ಮೈಸೂರಿಗೆ ಫೋನು ಮಾಡಿಸಿ ಬಂದ. ಬಯಲೆಲ್ಲ ಹಬ್ಬದಂತಾಯಿತು. ಅವ್ವ ಮಾತ್ರ ಹಿಗ್ಗನ್ನು ತೋರಿಸದೆ ಹುರುಳಿ ಸಾರಿಗೆ ಖಾರ ಅರೆಯುತ್ತಿದ್ದಳು, ಆದರೆ ಅರೆಯುತ್ತ ಅರೆಯುತ್ತ ಏನನ್ನೋ ಗುನುಗಿಕೊಳ್ಳುತ್ತಿದ್ದಳು.

ಎರಡು ಗಂಟೆಯ ಹೊತ್ತಿಗೆ ಕೊಡಗಿನ ಕಡೆಯಿಂದ ಮೋಡ ಎದ್ದಿತು. ಸಾಹುಕಾರರ ಜೀಪು ನಾಲ್ಕು ಗಂಟೆಗೆ ಬರಬೇಕಾದದ್ದು ಆಗಲೇ ಬಂದು ಹೊಂಗೆ ಮರದ ಕೆಳಗೆ ನಿಂತಿತು. ಅವರು ಇಳಿಯಲಿಲ್ಲ, ಒಳಗೇ ಕೂತು ಆಕಾಶ ನೋಡುತ್ತಿದ್ದರು. ಅವರ ಮುಖದಲ್ಲಿ ಆ ನಗು ಇರಲಿಲ್ಲ. ಅದೊಂದು ಸಲ ನಮಗಿದ್ದ ಹೆದರಿಕೆ ಅವರಿಗೂ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಹದಿನೆಂಟು ಮನೆಯವರೂ ತಮ್ಮ ತಮ್ಮ ಬಾಗಿಲಲ್ಲಿ ಕೂತಿದ್ದರು. ಅಪ್ಪ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತ, ಯಾರೂ ಏಳಬೇಡಿ, ಸೋಗೆ ಹೆಂಗೂ ಇಲ್ಲ ಎಂದು ಹೇಳುತ್ತಿದ್ದ. ಗಾಳಿ ಬೀಸಿತು. ಮಣ್ಣಿನ ವಾಸನೆ ಬಂತು. ಮೊದಲ ಹನಿಗಳು ದಪ್ಪದವು. ಹಸಿ ಇಟ್ಟಿಗೆಯ ಮೇಲೆ ಅಂಥ ಹನಿ ಬಿದ್ದರೆ ಸಿಡುಬಿನ ಕಲೆಯಂತೆ ಗುಳಿ ಬೀಳುತ್ತದೆ. ಮೊದಲು ಅಂಚು ಹೋಗುತ್ತದೆ, ಆಮೇಲೆ ಮೂಲೆ, ಆಮೇಲೆ ಸಾಲೇ ಒಂದರ ಮೇಲೊಂದು ವಾಲಿಕೊಂಡು ಕೂತುಬಿಡುತ್ತದೆ. ನಮ್ಮ ಮನೆಯ ಮುಂದಿನ ಮೊದಲ ಇಟ್ಟಿಗೆಗೆ ಗುಳಿ ಬಿದ್ದದ್ದನ್ನು ನಾನು ನೋಡಿದೆ. ಅವ್ವನೂ ನೋಡಿದಳು.

ಮೊದಲು ಎದ್ದವಳು ಅವ್ವನೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಎದ್ದವಳು ಬಯಲಿನ ಕಡೆ ಓಡಲಿಲ್ಲ. ಅಲ್ಲಿ ಸೋಗೆ ಇಲ್ಲವಲ್ಲ. ಹಿಂದಕ್ಕೆ ತಿರುಗಿ ನಮ್ಮ ಮನೆಯ ಸೂರಿಗೆ ಕೈ ಹಾಕಿದಳು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ ರಭಸಕ್ಕೆ ಕಟ್ಟಿದ್ದ ನಾರು ಪಟಪಟನೆ ಹರಿದವು. ಒಂದು ತೆಕ್ಕೆಯಷ್ಟು ಸೋಗೆ ಎಳೆದುಕೊಂಡು ಹೋಗಿ ಸಾಲಿನ ಮೇಲೆ ಹಾಸಿದಳು, ಮತ್ತೆ ಬಂದಳು. ಅವಳನ್ನು ನೋಡಿ ಪಕ್ಕದ ಮನೆಯ ಕೆಂಪಕ್ಕ ತನ್ನ ಸೂರಿಗೆ ಕೈ ಹಾಕಿದಳು, ಅವಳನ್ನು ನೋಡಿ ಆಚೆಯವರು.

"ಕೂತ್ಕಳಿ, ಕೂತ್ಕಳ್ರಪ್ಪೋ. ನಾಕ್ ಗಂಟೆ ಗಂಟ ತಡ್ಕಳ್ರಿ" ಎಂದು ಅಪ್ಪ ಕೂಗುತ್ತಲೇ ಇದ್ದ.

ಕೂಗುತ್ತಿದ್ದವನು ಯಾವಾಗ ಸುಮ್ಮನಾದನೋ ತಿಳಿಯಲಿಲ್ಲ. ನಾನು ತಿರುಗಿ ನೋಡುವಾಗ ಅವನು ನಮ್ಮ ಮನೆಯ ಮೇಲೆ ಹತ್ತಿ ನೆತ್ತಿಯ ಸೋಗೆಯನ್ನು ಬಿಚ್ಚಿ ಬಿಚ್ಚಿ ಕೆಳಗೆ ಎಸೆಯುತ್ತಿದ್ದ. ನಾನು ಹೊತ್ತುಕೊಂಡು ಓಡಿದೆ. ಮಳೆ ಬಿರುಸಾಗುವ ಹೊತ್ತಿಗೆ ಹದಿನೆಂಟು ಮನೆಯ ಮೇಲೂ ಬರೀ ಬಿದಿರಿನ ಗಳು ಉಳಿದಿದ್ದವು, ಬಯಲಿನ ಇಟ್ಟಿಗೆಯೆಲ್ಲ ನಮ್ಮ ಸೂರಿನಡಿಯಲ್ಲಿ ಬೆಚ್ಚಗಿತ್ತು. ಒಳಗೆ ಒಲೆ ಆರಿ, ಹುರುಳಿ ಸಾರಿನ ತುಂಬ ನೀರು, ಅಚ್ಚಿನ ರಾಶಿಯ ಪಕ್ಕ ತಮ್ಮ ನೆನೆಯುತ್ತ ಅಳುತ್ತಿದ್ದ. ಆದರೆ ನನ್ನನ್ನು ಇಷ್ಟು ವರ್ಷ ಚುಚ್ಚಿದ್ದು ಅದಲ್ಲ. ಎಲ್ಲ ಮುಚ್ಚಿಯಾದ ಮೇಲೆ ಆ ಜನ ಮಳೆಯಲ್ಲೇ ನಿಂತು ಏದುಸಿರು ಬಿಡುತ್ತ ನಗುತ್ತಿದ್ದರು. ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಒಂದು ಇಟ್ಟಿಗೆಯೂ ಹೋಗಲಿಲ್ಲ ಕಣ್ಲಾ ಎಂದು ಯಾರೋ ಅಂದರು. ಅವ್ವನೂ ನಗುತ್ತಿದ್ದಳು. ಅಷ್ಟು ಹೊತ್ತಿಗೆ ಸಾಹುಕಾರರು ಕೊಡೆ ಬಿಚ್ಚಿಕೊಂಡು ಜೀಪಿನಿಂದ ಇಳಿದು ಬಂದರು.

"ಉಳಿಸ್ಕೊಂಡ್ರಲ್ಲ ನಿಮ್ಮ ಇಟ್ಟಿಗೇನ. ಒಳ್ಳೇದಾಯ್ತು ಬಿಡಿ" ಎಂದರು.

ನಗು ಅಲ್ಲಿಗೆ ನಿಂತಿತು. ನಿಮ್ಮ ಇಟ್ಟಿಗೆ ಎಂಬ ಮಾತು ಎಲ್ಲಿ ಹೋಗಿ ನಾಟಿತು ಎಂಬುದನ್ನು ಅವ್ವನ ಮುಖದಲ್ಲಿ ನೋಡಿದೆ. ನಾಲ್ಕು ಗಂಟೆಗೆ ಲೀಡರು ಒದ್ದೆ ಮುದ್ದೆಯಾಗಿ ಸೈಕಲ್ಲು ತಳ್ಳಿಕೊಂಡು ಬಂದು ನಿಂತರು. ಬಯಲನ್ನು ನೋಡಿದರು, ಗಳು ಮಾತ್ರ ಉಳಿದಿದ್ದ ಮನೆಗಳನ್ನು ನೋಡಿದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಬಿಟ್ಟುಬಿಟ್ಟರು, ಅದು ಕೆಸರಿಗೆ ಬಿತ್ತು.

"ಸೋಗೆ ಬಚ್ಚಿಟ್ಟೆ. ನಿಮ್ಮ ಸೂರನ್ನ ಬಚ್ಚಿಡಬೇಕು ಅಂತ ನನಗೆ ಹೊಳೀಲಿಲ್ಲ ನೋಡು ಚಿಕ್ಕಣ್ಣ" ಎಂದರು.

ಮಾತುಕತೆಗೆ ಕೂತಾಗ ಸಾಹುಕಾರರ ಮುಖಕ್ಕೆ ಆ ನಗು ವಾಪಸ್ಸು ಬಂದಿತ್ತು. ಯಾರ ಇಟ್ಟಿಗೆ ಅಂತ ಓಡಿ ಮುಚ್ಚಿ ಅವರೇ ತೋರಿಸಿಬಿಟ್ಟರಲ್ಲ, ಇನ್ನು ನಾನೇನು ಹೇಳಲಿ ಎಂದರು. ಲೀಡರು ಏನೇನೋ ವಾದ ಮಾಡಿದರು, ಆದರೆ ಅವರ ಹಿಂದೆ ಕೂತವರೆಲ್ಲ ಚಳಿಯಲ್ಲಿ ನಡುಗುತ್ತ ಮನೆಗೆ ಸೂರು ಹೇಗೆ ಕಟ್ಟುವುದು ಎಂದು ಯೋಚಿಸುತ್ತಿದ್ದರು. ಕೊನೆಗೆ ಸಾಹುಕಾರರು ಉದಾರಿಯಾದರು. ಪಾಪ, ಮನೆ ಕಿತ್ತು ಮುಚ್ಚಿದ್ದಾರೆ, ಇನ್ನು ಮುಂದೆ ಸೋಗೆಯನ್ನು ನಾನೇ ಕೊಡಿಸುತ್ತೇನೆ ಎಂದರು. ಅದನ್ನು ಕಾಗದದ ಮೇಲೆ ಬರೆದರು. ಮಳೆ ಬಂದಾಗ ಹಸಿ ಇಟ್ಟಿಗೆಯನ್ನು ಮುಚ್ಚುವ ಹೊಣೆ ಕೂಲಿಗಾರರದು, ಸೋಗೆ ಒದಗಿಸುವ ಹೊಣೆ ಮಾಲೀಕರದು. ಅಪ್ಪ ನಾಲಿಗೆ ಹೊರಗೆ ಹಾಕಿಕೊಂಡು ಸಹಿ ಹಾಕಿದ. ಅವ್ವ ನೆನೆದ ಸೀರೆಯಲ್ಲೇ ಮುಂದಕ್ಕೆ ಬಂದು ನಿಂತಳು.

"ಇನ್ನೊಂದ್ಸಲ ಓದಿ ಲೀಡ್ರೇ."

ಅವರು ಓದಿದರು.

"ಈಗಿನ ಗಂಟ ಅದು ಬಾಯ್ಮಾತಾಗಿತ್ತು. ಈಗ ಬರ್ದು ಕೊಟ್ಟಂಗಾಯ್ತು. ಮಳೆ ನಮ್ದೇ ಅಂತವ."

"ಸೋಗೆ ಕೊಡ್ತಾರಲ್ಲಮ್ಮಿ. ಅದೂ ಒಂದು ಗೆದ್ದಂಗಲ್ವಾ?" ಎಂದ ಅಪ್ಪ.

ಲೀಡರು ತಲೆ ಎತ್ತಲಿಲ್ಲ. ಆಮೇಲೆ ಅವರು ಬರುವುದು ಎರಡು ವಾರಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು, ನಿಂತಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಸಿಟ್ಟು ಬಂದದ್ದು ಮನೆಯೊಳಗಿನ ಮಾತಿಗೆ. ಬಯಲಿನ ಗಂಡಸರೆಲ್ಲ ಸೇರಿ ಸೋಲಿಗೆ ಒಂದು ಹೆಸರು ಹುಡುಕಿದರು, ಅದು ನಮ್ಮವ್ವನ ಹೆಸರು. ಸದಸ್ಯೆಯಾಗಿ ಬರೆದುಕೊಳ್ಳದ ಹೆಂಗಸು ಸಂಘ ಮುಳುಗಿಸಿದವಳಾಗಿ ಮಾತ್ರ ಲೆಕ್ಕಕ್ಕೆ ಬಂದಳು. ನೆತ್ತಿ ಹತ್ತಿ ಸೋಗೆ ಕಿತ್ತ ನಮ್ಮಪ್ಪನೂ ಅದನ್ನೇ ಹೇಳಿದ. ಬೇಗೂರಿಗೆ ವಾಪಸ್ಸು ಹೋದ ಮೇಲೂ ಬಿಡಲಿಲ್ಲ. ಸಾರು ಸೀದರೆ, ಬೆಂಕಿಪೊಟ್ಟಣ ಸಿಗದಿದ್ದರೆ, ಮೊದಲು ಎದ್ದವಳು ನೀನು ಎಂಬಲ್ಲಿಗೇ ಬರುತ್ತಿದ್ದ. ಮೊದಮೊದಲು ಅವ್ವ ತಿರುಗಿ ಆಡುತ್ತಿದ್ದಳು, ಕಡೆಯವನಾಗಿ ಎದ್ದು ಎಲ್ಲರಿಗಿಂತ ಹೆಚ್ಚು ಮುಚ್ಚಿದವನು ನೀನು ಎಂದು. ಆಮೇಲೆ ಅದನ್ನೂ ಬಿಟ್ಟಳು. ಯಾಕವ್ವ ಎದ್ದೆ ಎಂದು ನಾನೊಮ್ಮೆ ಕೇಳಿದೆ. ಗೊತ್ತಿಲ್ಲ ಕಣಮ್ಮಿ, ಕೈ ಎದ್ಬುಡ್ತು ಎಂದಳು. ಅವಳ ಮೇಲೂ ನನಗೆ ರೇಗಿತು. ಮುಂದೆ ನಾನು ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ನಮ್ಮ ಸಂಘದ ಸ್ಟ್ರೈಕಿನ ದಿನ ಹೊರಗೆ ಕೂತಿದ್ದಾಗ, ವಾರ್ಡಿನಿಂದ ಯಾರೋ ಹೆಂಗಸು ನರಳಿದ್ದು ಕೇಳಿ ಎದ್ದು ಒಳಗೆ ಓಡಿದವಳು ನಾನೇ. ನಮ್ಮ ಮೇಲಿನವರಿಗೆ ಇದು ಚೆನ್ನಾಗಿ ಗೊತ್ತು. ಕೆಲಸ ಕೆಡುವುದನ್ನು ನೋಡಿಕೊಂಡು ಕೂರಲು ನಮ್ಮ ಕೈಲಿ ಆಗುವುದಿಲ್ಲ ಎಂಬುದರ ಮೇಲೆಯೇ ಅವರ ಮನೆ ನಿಂತಿದೆ. ಅದಕ್ಕೆ ಮದ್ದೇನು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮರು ವರ್ಷ ಮತ್ತೆ ಅದೇ ಗೂಡಿಗೆ ಬಂದೆವು. ಸಾಹುಕಾರರು ಮಾತಿಗೆ ತಪ್ಪಲಿಲ್ಲ, ಪ್ರತಿ ಸಾಲಿಗೂ ಹೊಸ ಸೋಗೆಯ ಕಟ್ಟು ಇತ್ತು. ಅವ್ವ ಮೊದಲಿನಂತೆಯೇ ಕುಯ್ದಳು, ಮಾತು ಮಾತ್ರ ಕಡಿಮೆ. ಭರಣಿ ಹುಟ್ಟಿ ಎರಡನೆಯ ದಿನ ಮಧ್ಯಾಹ್ನ ಉಣ್ಣುತ್ತಿದ್ದಾಗ ಗುಡುಗಿತು. ಅಪ್ಪ ತಟ್ಟೆ ಬಿಟ್ಟು ಓಡಿದ. ಅವ್ವ ಮುದ್ದೆ ಮುಗಿಸಿ, ಕೈ ತೊಳೆದು, ನಡೆದುಕೊಂಡು ಹೋದಳು. ಬಯಲಿನಲ್ಲಿ ಎಲ್ಲರೂ ಸೋಗೆ ಬಿಚ್ಚುತ್ತಿದ್ದರು. ಅವ್ವ ನಮ್ಮ ಸಾಲಿನ ತುದಿಗೆ ಹೋಗಿ, ಸೋಗೆಯ ಕಟ್ಟಿನ ಮೇಲೆ ಕೂತುಬಿಟ್ಟಳು. ಅಪ್ಪ ಕಟ್ಟಿನ ತುದಿ ಹಿಡಿದು ಎಳೆದ, ಅವಳು ಅಲುಗಲಿಲ್ಲ.

"ಏನಮ್ಮಿ ಇದು, ಎದ್ದೇಳು. ಎಣಿಸಿಲ್ಲ ಕಣೆ ಇನ್ನೂವೆ, ಎಲ್ಲಾ ಓಯ್ತದೆ."

"ಓದ್ವರ್ಸ ಎದ್ದೆನಲ್ಲ. ಈ ವರ್ಸ ಕೂತಿವ್ನಿ."

ಹನಿ ಶುರುವಾಯಿತು. ನನ್ನ ಕಾಲು ತಾನಾಗಿಯೇ ಪಕ್ಕದ ಸಾಲಿನ ಸೋಗೆಯ ಕಡೆ ಹೊರಟಿತು. ಅವ್ವ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು ತನ್ನ ಪಕ್ಕಕ್ಕೆ ಎಳೆದು ಕೂರಿಸಿದಳು. ಸುಮ್ಕೆ ಕೂತ್ಕ ಎಂದಳು. ಮಳೆ ಹಿಡಿಯಿತು. ಬಯಲಿನ ಉಳಿದಷ್ಟೂ ಸಾಲುಗಳು ಸೋಗೆ ಹೊದ್ದು ಮಲಗಿದವು, ನಮ್ಮದೊಂದು ಸಾಲು ಮಾತ್ರ ಅಂಚು ಹೋಗಿ, ಮೂಲೆ ಹೋಗಿ, ಒಂದರ ಮೇಲೊಂದು ವಾಲತೊಡಗಿತು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೆಸರಿನಲ್ಲಿ ಕುಕ್ಕರಿಸಿದ. ಯಾರಾದರೂ ಬಂದು ನಮ್ಮ ಪಕ್ಕ ಕೂರುತ್ತಾರೇನೋ ಎಂದು ನಾನು ಸುತ್ತ ನೋಡುತ್ತಲೇ ಇದ್ದೆ. ಕೆಂಪಕ್ಕ ತನ್ನ ಸಾಲಿನ ಹತ್ತಿರ ನಿಂತು ನಮ್ಮ ಕಡೆ ನೋಡಿದಳು, ಆಮೇಲೆ ಗಾಳಿಗೆ ಎದ್ದ ತನ್ನ ಸೋಗೆಯ ಮೇಲೆ ಕಲ್ಲು ಹೇರಲು ಹೋದಳು. ಅವ್ವನ ಮಂಡಿಗಳು ತಾವಾಗಿಯೇ ಏಳಲು ಹೋಗುತ್ತಿದ್ದವು. ಒಂದು ಕೈಯಲ್ಲಿ ತನ್ನ ಮಂಡಿಯನ್ನು ಅದುಮಿಕೊಂಡು, ಇನ್ನೊಂದರಲ್ಲಿ ನನ್ನನ್ನು ಹಿಡಿದುಕೊಂಡು, ತಾನು ಕುಯ್ದ ಒಂದೊಂದು ಇಟ್ಟಿಗೆಯೂ ಕೆಸರಾಗುವುದನ್ನು ಅವಳು ನೋಡಿದಳು. ಆ ಬಯಲಿನಲ್ಲಿ ನಿಜವಾಗಿ ಸ್ಟ್ರೈಕು ಮಾಡಿದವರು ನಾವಿಬ್ಬರೇ, ಅದೂ ಒಂದು ವರ್ಷ ತಡವಾಗಿ.